ಲಿನಕ್ಸ್‌ನಲ್ಲಿ ಲೀಥಲ್ ಕಂಪನಿ: ಗ್ರಾಫಿಕ್ಸ್ ಸಲೀಸು, ಮೈಕ್‌ಗೆ ಮಾತ್ರ ಉಪಚಾರ ಬೇಕು

ಲೀಥಲ್ ಕಂಪನಿ 2023ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮುನ್ನವೇ ಮಾರಾಟ) ಆಗಿ ಸ್ಟೀಮ್‌ಗೆ ಬಂದ ಆಟ. ನಾಲ್ಕು ಜನ ಸೇರಿ ಪಾಳುಬಿದ್ದ ಚಂದ್ರಗಳಿಗೆ ಇಳಿಯಬೇಕು, ಗುಜರಿ ಹೆಕ್ಕಿ ಹಡಗಿಗೆ ಹೊರಬೇಕು, ಮೂರು ದಿನದೊಳಗೆ ಕಂಪನಿಯ ಕೋಟಾ ತುಂಬಬೇಕು. ಮೊದಲ ಕೋಟಾ 130. ಲಿನಕ್ಸ್‌ಗೆಂದೇ ಮಾಡಿದ ಆವೃತ್ತಿ ಇಲ್ಲ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಮೂಲಕ ಆಡಬೇಕು. ಅದಕ್ಕೆ ಹೆದರಬೇಕಾಗಿಲ್ಲ. ಗೆಳೆಯರ ಜತೆ ಆಡುವ ಆಟವಾದ್ದರಿಂದ ಕರ್ನಲ್ ಮಟ್ಟದ ಆಂಟಿ-ಚೀಟ್ (ಸಿಸ್ಟಮ್‌ನ ಆಳಕ್ಕಿಳಿದು ಮೋಸ ತಡೆಯುವ ತಂತ್ರಾಂಶ) ಇಲ್ಲ; ಎಷ್ಟೋ ಸ್ಪರ್ಧಾತ್ಮಕ ಶೂಟರ್‌ಗಳು ಲಿನಕ್ಸ್‌ನಲ್ಲಿ ಮುಗ್ಗರಿಸುವುದೇ ಅಲ್ಲಿ. ಜತೆಗೆ ಈ ಆಟ ಚಿತ್ರವನ್ನು ಬೇಕೆಂದೇ ಕಡಿಮೆ ರೆಸಲ್ಯೂಶನ್‌ನಲ್ಲಿ ರೆಂಡರ್ ಮಾಡಿ ಹಿಗ್ಗಿಸಿ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ ವಲ್ಕನ್ ಡ್ರೈವರ್ ಸರಿಯಾಗಿದ್ದರೆ ದುಬಾರಿ ಕಾರ್ಡ್ ಬೇಕಾಗುವುದಿಲ್ಲ. ವಿಂಡೋಸ್‌ನಲ್ಲಿ ಆಡುವವರ ಲಾಬಿಗೂ ಸೇರಬಹುದು, ಎಲ್ಲರ ಬಳಿಯೂ ಒಂದೇ ಆವೃತ್ತಿ ಇದ್ದರಾಯಿತು.

ತಲೆನೋವು ಶುರುವಾಗುವುದು ಧ್ವನಿಯಲ್ಲಿ. ಈ ಆಟದ ಜೀವ ಇರುವುದೇ ಪ್ರಾಕ್ಸಿಮಿಟಿ ಚಾಟ್‌ನಲ್ಲಿ: ಹತ್ತಿರ ಇದ್ದವರ ಮಾತು ಕೇಳುತ್ತದೆ, ದೂರ ಹೋದಂತೆ ಕ್ಷೀಣಿಸುತ್ತದೆ, ಸತ್ತವರ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾರಿಡಾರಿನ ಆ ತುದಿಯಿಂದ ಬಂದ ಕಿರುಚಾಟ ಥಟ್ಟನೆ ನಿಂತಾಗ ಆಗುವ ಭಯ ಬೇರೆ ಯಾವ ಮಾನ್‌ಸ್ಟರ್‌ನಿಂದಲೂ ಆಗದು. ಡಿಸ್ಕಾರ್ಡ್ ಕಾಲ್ ಹಾಕಿಕೊಂಡು ಆಡಿದರೆ ಅರ್ಧ ಆಟ ಕಳೆದುಕೊಂಡಂತೆ. ಹೊರಗೆ ಅಲೆಯುವ ಐಲೆಸ್ ಡಾಗ್‌ಗೆ ಕಣ್ಣಿಲ್ಲ, ಅದು ಸದ್ದು ಹಿಡಿದು ಬರುತ್ತದೆ, ಮೈಕ್‌ನಲ್ಲಿ ಆಡಿದ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ತಪ್ಪು ಮೈಕ್ ಆಯ್ಕೆಯಾದರೆ ಕೆಡುವುದು ಹರಟೆಯೊಂದೇ ಅಲ್ಲ. (ಮೈಕ್ ಸತ್ತಿದ್ದರೆ ನಾಯಿಗೆ ನಿಮ್ಮ ಮಾತು ಕೇಳದು ನಿಜ. ಆದರೆ ಹೆಜ್ಜೆ ಸದ್ದು ಕೇಳುತ್ತದಲ್ಲ.)

ಪೈಪ್‌ವೈರ್ (ಲಿನಕ್ಸ್‌ನಲ್ಲಿ ಸದ್ದು ನಿಭಾಯಿಸುವ ವ್ಯವಸ್ಥೆ) ಇರುವ ಸಿಸ್ಟಮ್‌ನಲ್ಲಿ ಹೀಗೆ ಮಾಡಿ. ಆಟ ಶುರುಮಾಡಿ, ಲಾಬಿಯೊಳಗೆ ಹೋದ ಮೇಲೆ ಸದ್ದು ಹೊಂದಿಸುವ ಪ್ರೋಗ್ರಾಂ ಆದ ಪಾವುಕಂಟ್ರೋಲ್ ತೆರೆಯಿರಿ. ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಆಟದ ಹೆಸರಿನ ಎದುರು ಯಾವ ಸಾಧನವಿದೆ ನೋಡಿ. 'ಮಾನಿಟರ್' ಎಂದಿದ್ದರೆ ನಿಮ್ಮ ಸ್ಪೀಕರ್‌ಗೆ ಹೋಗುವ ಸದ್ದೇ ವಾಪಸ್ ಆಟದೊಳಗೆ ಹೋಗುತ್ತಿದೆ. ಉಳಿದವರಿಗೆ ತಮ್ಮದೇ ದನಿ ಪ್ರತಿಧ್ವನಿಸುತ್ತಿರುತ್ತದೆ. ಅಲ್ಲೇ ನಿಜವಾದ ಮೈಕ್ ಆರಿಸಿ. ಬ್ಲೂಟೂತ್ ಹೆಡ್‌ಸೆಟ್ ಇದ್ದರೆ ಇನ್ನೊಂದು ಕಾಟ: ಅದರ ಮೈಕ್ ತೆರೆದ ಕೂಡಲೇ ಪ್ರೊಫೈಲ್ ಕರೆಯ ಮೋಡ್‌ಗೆ ಬದಲಾಗಿ ಸ್ಟೀರಿಯೋ ಹೋಗುತ್ತದೆ, ಎಡಬಲ ಗೊತ್ತಾಗದೆ ಮಾನ್‌ಸ್ಟರ್ ಬಾಯಿಗೆ ಬೀಳುತ್ತೀರಿ. ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಹೆಡ್‌ಸೆಟ್ಟನ್ನು ಸ್ಟೀರಿಯೋ ಕೊಡುವ ಎ2ಡಿಪಿ ಪ್ರೊಫೈಲ್‌ನಲ್ಲೇ ಉಳಿಸಿ, ಇನ್‌ಪುಟ್‌ಗೆ ಲ್ಯಾಪ್‌ಟಾಪ್‌ನದ್ದೋ ಯುಎಸ್‌ಬಿಯದ್ದೋ ಮೈಕ್ ಕೊಡಿ. ಫ್ಯಾನ್ ಸದ್ದು ಹೆಚ್ಚಿದ್ದರೆ ಸದ್ದು ತಿದ್ದುವ ಈಸಿಎಫೆಕ್ಟ್ಸ್ ಪ್ರೋಗ್ರಾಂನ ಇನ್‌ಪುಟ್ ಬದಿಯಲ್ಲಿ ನಾಯ್ಸ್ ರಿಡಕ್ಷನ್ ಹಾಕಿ, ಇಲ್ಲವೇ ಆಟದ ಸೆಟ್ಟಿಂಗ್ಸ್‌ನಲ್ಲಿ ಪುಶ್-ಟು-ಟಾಕ್ (ಕೀ ಒತ್ತಿದಾಗ ಮಾತ್ರ ಮಾತು ಹೋಗುವ ಆಯ್ಕೆ) ಆನ್ ಮಾಡಿ.

ಆಟ ತೆರೆದುಕೊಳ್ಳದೇ ಮುಚ್ಚಿಹೋದರೆ ಮೊದಲು ನೋಡಬೇಕಾದದ್ದು ಸ್ಟೀಮ್ ಲೈಬ್ರರಿ ಯಾವ ಪಾರ್ಟಿಶನ್‌ನಲ್ಲಿದೆ ಎಂಬುದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಶನ್ ಹಂಚಿಕೊಂಡಿದ್ದರೆ ಬಹುಪಾಲು ಕಾರಣ ಅದೇ. ಪ್ರೋಟಾನ್ ತನ್ನ ಪ್ರಿಫಿಕ್ಸ್‌ನೊಳಗೆ (ಆಟಕ್ಕೆಂದು ಅದು ಕಟ್ಟಿಕೊಳ್ಳುವ ನಕಲಿ ವಿಂಡೋಸ್ ಫೋಲ್ಡರ್) 'ಸಿ' ಅಕ್ಷರದ ಮುಂದೆ ಕೋಲನ್ ಇರುವ ಹೆಸರಿನ ಸಿಮ್‌ಲಿಂಕ್ (ಬೇರೆ ಫೋಲ್ಡರಿಗೆ ಕೊಂಡಿ) ಮಾಡುತ್ತದೆ. ವಿಂಡೋಸ್‌ನ ನಿಯಮದಲ್ಲಿ ಕಡತದ ಹೆಸರಿಗೆ ಕೋಲನ್ ಸಲ್ಲದು. ಆಟವನ್ನು ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್‌ನಂಥ ಲಿನಕ್ಸ್ ಪಾರ್ಟಿಶನ್‌ಗೆ ಸಾಗಿಸಿದರೆ ಮುಗಿಯಿತು.

ಮಾಡ್ (ಆಟವನ್ನು ಬದಲಿಸುವ, ಆಟಗಾರರೇ ಮಾಡಿದ ಸೇರ್ಪಡೆ) ಹಾಕಿಕೊಂಡು ಈ ಆಟ ಆಡುವವರು ಬಹಳ. ಲಿನಕ್ಸ್‌ನಲ್ಲಿ ಮಾಡ್‌ಗಳನ್ನು ಆಟದೊಳಗೆ ಹತ್ತಿಸುವ ಬೆಪ್‌ಇನ್‌ಎಕ್ಸ್ ಕಡತಗಳನ್ನು ಆಟದ ಫೋಲ್ಡರ್‌ಗೆ ಹಾಕಿದರಷ್ಟೇ ಸಾಲದು. ಅದು ಒಳಗೆ ನುಸುಳುವುದು ವಿನ್‌ಎಚ್‌ಟಿಟಿಪಿ ಎಂಬ ಡಿಎಲ್‌ಎಲ್‌ನ (ವಿಂಡೋಸ್‌ನ ಲೈಬ್ರರಿ ಕಡತ) ವೇಷದಲ್ಲಿ. ಪ್ರೋಟಾನ್‌ಗೆ ಆಧಾರವಾದ ವೈನ್ ಮಾತ್ರ ಅದನ್ನು ಬಿಟ್ಟು ತನ್ನದೇ ಡಿಎಲ್‌ಎಲ್ ಎತ್ತಿಕೊಳ್ಳುತ್ತದೆ. ಪ್ರೋಟಾನ್‌ಟ್ರಿಕ್ಸ್ ಎಂಬ ಸಹಾಯಕ ಪ್ರೋಗ್ರಾಂನಲ್ಲಿ ಆಟವನ್ನು ಆರಿಸಿ ವೈನ್‌ಸಿಎಫ್‌ಜಿ (ವೈನ್‌ನ ಸೆಟ್ಟಿಂಗ್ಸ್) ತೆರೆಯಿರಿ, ಲೈಬ್ರರೀಸ್ ಟ್ಯಾಬ್‌ನಲ್ಲಿ ವಿನ್‌ಎಚ್‌ಟಿಟಿಪಿ ಸೇರಿಸಿ, 'ನೇಟಿವ್, ಆಮೇಲೆ ಬಿಲ್ಟಿನ್' ಎಂದು ಇಡಿ. ಮಾಡ್‌ಗಳನ್ನು ನಿಭಾಯಿಸುವ ಆರ್2ಮಾಡ್‌ಮ್ಯಾನ್ ಬಳಸಿದರೆ ಈ ಕೆಲಸ ಅದೇ ಮಾಡುತ್ತದೆ, ಆದರೆ ಅದಕ್ಕೂ ಮುಂಚೆ ಆಟವನ್ನು ಮಾಡ್ ಇಲ್ಲದೆ ಒಮ್ಮೆ ಓಡಿಸಿ ಪ್ರಿಫಿಕ್ಸ್ ಹುಟ್ಟಿಸಿರಬೇಕು. ಮಾಡ್ ಹತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಬೆಪ್‌ಇನ್‌ಎಕ್ಸ್ ಫೋಲ್ಡರ್‌ನ ಲಾಗ್ ಕಡತದ ಸಮಯ ನೋಡಿ. ಈಗಷ್ಟೇ ಬರೆದದ್ದಲ್ಲವಾದರೆ ಓವರ್‌ರೈಡ್ (ವೈನ್‌ಸಿಎಫ್‌ಜಿಯ ಆ ಬದಲಾವಣೆ) ಕೂತಿಲ್ಲ. ಹೊಸ ವಸ್ತು, ಹೊಸ ಚಂದ್ರ ಸೇರಿಸುವ ಮಾಡ್‌ಗಳು ತಂಡದ ಎಲ್ಲರಲ್ಲೂ ಒಂದೇ ಇರಬೇಕು. ಒಬ್ಬರು ಪ್ರೊಫೈಲ್ ಎಕ್ಸ್‌ಪೋರ್ಟ್ ಮಾಡಿ ಕೋಡ್ ಹಂಚುವುದು ಸುಲಭ ದಾರಿ.

ಇದೇ ಸಾಲಿನ ರೆಪೋ 2025ರ ಫೆಬ್ರವರಿಯಲ್ಲಿ ಬಂತು, ಆರು ಜನ ಆಡಬಹುದು, ಮಾಡ್ ವಿಧಾನವೂ ಇದೇ. ಹೊಸ ತಂಡಕ್ಕೆ ಅದೇ ಹೆಚ್ಚು ಒಗ್ಗುತ್ತದೆ. ಫ್ಯಾಸ್ಮೋಫೋಬಿಯಾ ನೀವಾಡಿದ ಪದಗಳನ್ನೇ ಗುರುತಿಸುವ ಆಟವಾದ್ದರಿಂದ ಅಲ್ಲಿ ಮೈಕ್ ಇನ್ನೂ ನಿಚ್ಚಳವಾಗಿರಬೇಕು. ಪ್ರೋಟಾನ್ ಗೊಡವೆಯೇ ಬೇಡ ಎಂದರೆ ಲೆಫ್ಟ್ 4 ಡೆಡ್ 2 ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ. ಒಬ್ಬಂಟಿಯಾಗಿ ಆಡುವವರು ಲೀಥಲ್ ಕಂಪನಿಗೆ ದುಡ್ಡು ಹಾಕಬೇಡಿ. ಹಡಗಿನಲ್ಲಿ ಕೂತು ಟರ್ಮಿನಲ್‌ನಲ್ಲಿ ಬಾಗಿಲ ಕೋಡ್ ಹೊಡೆದುಕೊಡಲು ಒಬ್ಬರು ಇಲ್ಲದಿದ್ದರೆ ಬೇಗ ಬೇಸರ ಬರುತ್ತದೆ.

ಇನ್ನೊಂದು: ಏನೋ ಕೆಟ್ಟಾಗ ಪ್ರಿಫಿಕ್ಸ್ ಅಳಿಸಿಬಿಡಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಸ್ಟೀಮ್ ಲೈಬ್ರರಿಯ ಕಾಂಪ್ಯಾಟ್‌ಡೇಟಾ ಒಳಗಿನ 1966720 ಎಂಬ ಫೋಲ್ಡರ್ ಅದು. ಮೇಲೆ ಹೇಳಿದ ಓವರ್‌ರೈಡ್ ಇರುವುದು ಅದರಲ್ಲೇ, ಸೇವ್ ಕಡತಗಳಿರುವುದೂ ಅದರಲ್ಲೇ. ಒಳಗಿನ ಆ್ಯಪ್‌ಡೇಟಾದ ಲೋಕಲ್‌ಲೋ ಫೋಲ್ಡರನ್ನು ಮೊದಲು ಬೇರೆ ಕಡೆ ನಕಲಿಸಿಕೊಂಡು ಆಮೇಲೆ ಅಳಿಸಿ. ಸೇವ್ ಉಳಿಯುವುದು ಹೋಸ್ಟ್ ಮಾಡುವವರ ಯಂತ್ರದಲ್ಲಿ ಮಾತ್ರ, ಹಾಗಾಗಿ ಈ ಎಚ್ಚರಿಕೆ ಅವರಿಗೇ ಹೆಚ್ಚು ಬೇಕು.