117ರ ಆಸೆಗೆ ಕೊಂಡ ಟಿಕೆಟ್: ಡಾಡ್ಜರ್ ಸ್ಟೇಡಿಯಂನ ಟಾಪ್ ಡೆಕ್ ಹೇಗಿದೆ?

ಮಾರ್ಕು ಮೊದಲೇ ಕೊಟ್ಟುಬಿಡುತ್ತೇನೆ. ಟಾಪ್ ಡೆಕ್ ಸೀಟಿಗೆ 5ಕ್ಕೆ 4. ಆದರೆ ನಾನು ಯಾವ ಆಸೆಗೆ ಆ ಸೀಟು ಕೊಂಡೆನೋ ಆ ಆಸೆಗೆ 5ಕ್ಕೆ 1. ಅದೂ ಹೋಗಲಿ ಪಾಪ ಅಂತ.

ನಾವಿರುವುದು ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸ್‌ನಲ್ಲಿ. ನನ್ನದು ಅಕೌಂಟ್ಸ್ ಕೆಲಸ. ಮನೆಯಲ್ಲಿ ಎಲ್ಲರಿಗೂ ಕ್ರಿಕೆಟ್ ಹುಚ್ಚು. ಬೇಸ್‌ಬಾಲ್ ಒಳಗೆ ಬಂದಿದ್ದು ಐದನೇ ಕ್ಲಾಸಿನ ಮಗನ ಬೆನ್ನ ಹಿಂದೆ. 2025ರ ಮಾರ್ಚ್‌ನಲ್ಲಿ ಅವನ ಬಾಯಲ್ಲಿ ಒಂದೇ ಮಾತು: "ಅಮ್ಮಾ, ಈ ವರ್ಷ ಡಾಡ್ಜರ್ಸ್ 117 ಗೆಲ್ತಾರೆ." ಡಾಡ್ಜರ್ಸ್ ಅಂದರೆ ಲಾಸ್ ಏಂಜಲಿಸ್‌ನ ಬೇಸ್‌ಬಾಲ್ ತಂಡ. ಅವನೊಬ್ಬನೇ ಅಲ್ಲ, ಆಫೀಸಿನಲ್ಲೂ ಅದೇ ಮಾತು. ಹಿಂದಿನ ವರ್ಷದ ಚಾಂಪಿಯನ್ನರು. ಸ್ಟಾರ್ ಆಟಗಾರ ಶೋಹೇ ಒಟಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಮೊದಲೇ ಆಗಿತ್ತು. ಅದರ ಮೇಲೆ ಪಿಚರ್ (ಚೆಂಡು ಎಸೆಯುವವ) ಬ್ಲೇಕ್ ಸ್ನೆಲ್‌ಗೆ ಐದು ವರ್ಷಕ್ಕೆ 18.2 ಕೋಟಿ ಡಾಲರ್, ಜಪಾನಿನಿಂದ ಬಂದ ರೋಕಿ ಸಸಾಕಿ ಬೇರೆ. ಇಷ್ಟು ದುಡ್ಡು ಸುರಿದ ಮೇಲೆ ದಾಖಲೆ ಬರದೆ ಎಲ್ಲಿಗೆ ಹೋಗುತ್ತೆ ಅಂತ ನನಗೂ ಅನ್ನಿಸಿತು. ಮಾರ್ಚ್‌ನಲ್ಲೇ ಮೂರು ಆಟಕ್ಕೆ ನಾಲ್ಕು ನಾಲ್ಕು ಟಿಕೆಟ್ ಬುಕ್ ಮಾಡಿದೆ.

ಕೊಂಡಿದ್ದು ಟಿಕೆಟ್ ಮರುಮಾರಾಟದ ಒಂದು ಆ್ಯಪ್‌ನಲ್ಲಿ. ಹೆಸರು ಬೇಡ. ಮೊದಲು ಒಂದು ಬೆಲೆ ತೋರಿಸಿತು. ಕಾರ್ಡ್ ನಂಬರ್ ಹಾಕುವ ಹೊತ್ತಿಗೆ ಸರ್ವಿಸ್ ಫೀ, ಪ್ರಾಸೆಸಿಂಗ್ ಫೀ ಅಂತ ಬಾಲ ಬೆಳೆಯಿತು. ದಿನಾ ಬೇರೆಯವರ ಬಿಲ್ ನೋಡುವ ನಾನೇ ಬಟನ್ ಒತ್ತಿದ ಮೇಲೆ ಕೂಡಿಸಿ ನೋಡಿದೆ! ನೀವು ಒತ್ತುವ ಮೊದಲು ನೋಡಿ.

ಈಗ ಈ 117 ಏನು ಅಂತ. ಒಂದು ಸೀಸನ್‌ಗೆ ಒಂದು ತಂಡ 162 ಆಟ ಆಡುತ್ತದೆ. ಇದುವರೆಗಿನ ಹೆಚ್ಚು ಗೆಲುವು 116. 1906ರಲ್ಲಿ ಶಿಕಾಗೋ ಕಬ್ಸ್ ಮಾಡಿದ್ದು, 36 ಸೋಲಿನ ಜೊತೆ. ಆಗ ಸೀಸನ್ನೇ ಚಿಕ್ಕದಿತ್ತು. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 46 ಸೋತು 116 ಗೆದ್ದಿತು. ಅದನ್ನು ಮೀರಬೇಕಾದರೆ 117 ಗೆಲುವು, 45 ಸೋಲು.

ನನ್ನ ಮಾವ ತೀರ್ಥಹಳ್ಳಿಯವರು. ಮಾರ್ಚ್‌ನಲ್ಲಿ ಬಂದವರು ಸೆಪ್ಟೆಂಬರ್ ತನಕ ನಮ್ಮ ಜೊತೆಗಿದ್ದರು. "162ರಲ್ಲಿ 117 ಅಂದ್ರೆ ಎಂಥ ಮಹಾ? ನೂರಕ್ಕೆ 72 ಮಾರ್ಕು" ಅಂದರು. ಅವರಿಗೆ ಆರ್‌ಸಿಬಿ ಲೆಕ್ಕದಲ್ಲಿ ಹೇಳಿದೆ. ನೂರಕ್ಕೆ 72 ಅಂದರೆ ಐಪಿಎಲ್‌ನ 14 ಆಟದಲ್ಲಿ ಹತ್ತು ಗೆದ್ದ ಹಾಗೆ. ಆಮೇಲೆ ಕಪ್ ಎತ್ತಿದ 2025ರ ಆರ್‌ಸಿಬಿ ಕೂಡ ಲೀಗ್‌ನಲ್ಲಿ ಗೆದ್ದಿದ್ದು ಒಂಬತ್ತೇ. ಇಲ್ಲಿ ಅದೇ ಓಟವನ್ನು ಆರು ತಿಂಗಳು, ಹನ್ನೊಂದೂವರೆ ಐಪಿಎಲ್‌ನಷ್ಟು ಆಟ, ಒಂದೇ ಸಮನೆ ಓಡಬೇಕು. ಹೆಚ್ಚುಕಮ್ಮಿ ದಿನಾ ಆಟ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಳೆ ಬಂದ್ರೆ ಡ್ರಾ ಇಲ್ವಾ?" ಇಲ್ಲ ಮಾವಾ. "ಹಂಗಾದ್ರೆ ಕಷ್ಟ ಬಿಡು" ಅಂದರು. ಟಿಕೆಟ್ ಕೊಳ್ಳುವ ಮೊದಲು ಅವರನ್ನೇ ಕೇಳಬೇಕಿತ್ತು.

ಮಗ ಫ್ರಿಜ್ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದ. 162 ಚೌಕ. ಗೆದ್ದರೆ ನೀಲಿ, ಸೋತರೆ ಕೆಂಪು. ನಾನು ಅದರ ಕೆಳಗೆ ನನ್ನ ಲೆಕ್ಕ ಬರೆದೆ: "ಸೋಲಿನ ಬಜೆಟ್ 45." ಗೆಲುವು ಎಣಿಸುವುದಕ್ಕಿಂತ ಖರ್ಚು ಎಣಿಸುವುದು ನನಗೆ ಸಲೀಸು. ವಾರಕ್ಕೆ ಎರಡು ಸೋತರೂ ಆರು ತಿಂಗಳಿಗೆ ಬಜೆಟ್ ಮೀರುತ್ತದೆ. ಈ ಒಂದು ಸಾಲನ್ನು ಮಾರ್ಚ್‌ನಲ್ಲೇ ಬರೆದಿದ್ದೆ. ಆದರೂ ನಂಬಿಕೊಂಡಿದ್ದೆ, ಅದೇ ತಮಾಷೆ.

ನಂಬಿಕೆಗೆ ಕಾರಣ ಏಪ್ರಿಲ್ 2. ಅದು ನಮ್ಮ ಮೊದಲ ಆಟ, ಅಟ್ಲಾಂಟಾ ಬ್ರೇವ್ಸ್ ವಿರುದ್ಧ. ಒಟಾನಿಯ ಬಾಬಲ್‌ಹೆಡ್ (ತಲೆ ಅಲ್ಲಾಡಿಸುವ ಗೊಂಬೆ) ಕೊಡುವ ರಾತ್ರಿ, ಹಾಗಾಗಿ ಟಿಕೆಟ್ ಬೆಲೆ ಆಕಾಶದಲ್ಲಿತ್ತು. ಆ ದುಡ್ಡಲ್ಲಿ ಬೇರೆ ಎರಡು ಆಟ ನೋಡಬಹುದಿತ್ತು. ಮಗ ಡಬ್ಬಿ ಬಿಚ್ಚಿದ ಕೂಡಲೇ ಮಾವ ಗೊಂಬೆಯ ತಲೆ ತಟ್ಟಿದರು. "ತಂಜಾವೂರು ಗೊಂಬೆ ಮಾರಾಯ ಇದು!"

ಡಾಡ್ಜರ್ಸ್ ಅಷ್ಟರಲ್ಲಿ ಏಳಕ್ಕೆ ಏಳು ಗೆದ್ದಿತ್ತು, ಎರಡು ಟೋಕಿಯೋದಲ್ಲಿ, ಐದು ಇಲ್ಲಿ. ಬ್ರೇವ್ಸ್ ಇನ್ನೂ ಖಾತೆಯನ್ನೇ ತೆರೆದಿರಲಿಲ್ಲ. ಆದರೆ ಎರಡನೇ ಇನ್ನಿಂಗ್ಸ್‌ನಲ್ಲೇ ನಾವು 0-5 ಹಿಂದೆ. ಸುಲಭದ ಚೆಂಡುಗಳನ್ನು ಎಲ್ಲೆಲ್ಲೋ ಎಸೆದರು. ಮಗ ಗೊಂಬೆಯನ್ನು ಡಬ್ಬಿಯೊಳಗೆ ವಾಪಸ್ ಇಟ್ಟ. ಆಮೇಲೆ ಸ್ವಲ್ಪ ಸ್ವಲ್ಪವೇ ರನ್ ಬಂತು. ಎಂಟನೇ ಇನ್ನಿಂಗ್ಸ್‌ನಲ್ಲಿ ಮ್ಯಾಕ್ಸ್ ಮನ್ಸಿಯ ಒಂದು ಹೊಡೆತಕ್ಕೆ 5-5. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಟಾನಿ ಬಂದ. ಬ್ಯಾಟಿಗೆ ಚೆಂಡು ತಾಗಿದ್ದು ನಮಗೆ ಮೊದಲು ಕಂಡಿತು, ಟಕ್ ಅನ್ನೋ ಸದ್ದು ಆಮೇಲೆ ಬಂತು. ಅಷ್ಟು ಮೇಲಿದ್ದೆವು. ಚೆಂಡು ಸೆಂಟರ್ ಕಡೆ ಎದ್ದು, ನಿಧಾನಕ್ಕೆ ಇಳಿದು, ಗೋಡೆಯಾಚೆ ಬಿತ್ತು. 6-5. ಎಂಟಕ್ಕೆ ಎಂಟು! ಮಾವ ಎದ್ದು ನಿಂತು ಪರಿಚಯವೇ ಇಲ್ಲದ ಒಬ್ಬರ ಕೈ ಕುಲುಕಿದರು. ರಾತ್ರಿ ಮನೆಗೆ ಬಂದು ಮಗ ಎಂಟನೇ ನೀಲಿ ಚೌಕ ತುಂಬಿದ. ನಾನು ಕೆಳಗೆ ಬರೆದೆ: ಖರ್ಚು 0, ಬಾಕಿ 45.

ಎರಡು ದಿನ ಬಿಟ್ಟು ಫಿಲಡೆಲ್ಫಿಯಾದಲ್ಲಿ 3-2ಕ್ಕೆ ಮೊದಲ ಸೋಲು. ಏಪ್ರಿಲ್ 12ಕ್ಕೆ ಇಲ್ಲೇ, ಇದೇ ಸ್ಟೇಡಿಯಂನಲ್ಲಿ, ಕಬ್ಸ್ ಕೈಲಿ 16-0. ಅದನ್ನು ಟಿವಿಯಲ್ಲಿ ನೋಡಿದೆವು, ಅಥವಾ ಅರ್ಧಕ್ಕೆ ಆಫ್ ಮಾಡಿದೆವು. ಮಗ ಆ ಚೌಕವನ್ನು ಕಾಗದ ಹರಿಯುವ ಹಾಗೆ ತಿಕ್ಕಿದ. 3-2 ಸೋತರೂ ಒಂದು ಚೌಕ, 16-0 ಸೋತರೂ ಒಂದೇ ಚೌಕ ಕಣೋ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ಇರಲಿ, ಸೀಟಿನ ವಿಷಯಕ್ಕೆ ಬರೋಣ. ಟಾಪ್ ಡೆಕ್ ಅಂದರೆ ಹೋಮ್ ಪ್ಲೇಟ್‌ನ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ ಎಲ್ಲಕ್ಕಿಂತ ಮೇಲಿನ ಅಂತಸ್ತು. ಈ ಸ್ಟೇಡಿಯಂ 1962ರದ್ದು, 56,000 ಜನ ಹಿಡಿಯುತ್ತದೆ. ಗುಡ್ಡ ಕಡಿದು ಕಟ್ಟಿರುವುದರಿಂದ ಬೇರೆ ಬೇರೆ ಅಂತಸ್ತಿಗೆ ಬೇರೆ ಬೇರೆ ಎತ್ತರದಿಂದ ಪ್ರವೇಶ ಇದೆ. ಟಾಪ್ ಡೆಕ್‌ಗೆ ಗುಡ್ಡದ ತುದಿಯಿಂದ ನೇರ ಒಳಗೆ ಹೋಗಬಹುದು. ಮಂಡಿನೋವಿನ ಮಾವನಿಗೆ ಇದು ದೊಡ್ಡ ವರ. ಆದರೆ ಒಳಗೆ ಸಾಲುಗಳು ಕಡಿದಾಗಿವೆ. ವಯಸ್ಸಾದವರಿದ್ದರೆ ಕೆಳಗಿನ ಸಾಲನ್ನೇ ಹಿಡಿಯಿರಿ. ತಿಂಡಿ ಕೈಯಲ್ಲಿ ಹಿಡಿದು ಮೇಲಿನ ಸಾಲಿಗೆ ಹತ್ತುವುದು ಸರ್ಕಸ್ಸು.

ಅಲ್ಲಿಂದ ಆಟಗಾರರ ಮುಖ ಕಾಣುವುದಿಲ್ಲ. ಬದಲಿಗೆ ಇಡೀ ಆಟ ರಂಗೋಲಿ ಹಾಗೆ ಕಾಣುತ್ತದೆ. ಯಾವ ಬ್ಯಾಟರ್‌ಗೆ ಯಾರು ಎರಡು ಹೆಜ್ಜೆ ಸರಿದರು, ಚೆಂಡು ಬಿದ್ದಾಗ ಯಾರು ಯಾರ ಹಿಂದೆ ಓಡಿದರು, ಎಲ್ಲಾ ಸ್ಪಷ್ಟ. ಕ್ರಿಕೆಟ್ ಫೀಲ್ಡಿಂಗ್ ನೋಡಿ ಬೆಳೆದವರಿಗೆ ಈ ಆಟ ಬೇಗ ಅರ್ಥ ಆಗುವುದು ಇಲ್ಲಿಂದಲೇ. ಎದುರಿಗೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು. ಸಂಜೆ ಅವು ಕಂದು ಬಣ್ಣದಿಂದ ನೇರಳೆಗೆ ತಿರುಗುವಾಗ ಮಾವ ಚೆಂಡು ಬಿಟ್ಟು ಬೆಟ್ಟ ನೋಡುತ್ತಿದ್ದರು. ಹಿಂದೆ ತಿರುಗಿ ಹೊರಗೆ ಬಂದರೆ ಡೌನ್‌ಟೌನ್ ಕಟ್ಟಡಗಳು. ಫೋಟೋ ತೆಗೆಯುವವರ ಗುಂಪು ಅಲ್ಲೇ ಇರುತ್ತದೆ.

ಕಾರನ್ನು ಅಲ್ಲಿಗೆ ಒಯ್ಯಬೇಡಿ. ಯೂನಿಯನ್ ಸ್ಟೇಷನ್‌ನಿಂದ ಡಾಡ್ಜರ್ ಸ್ಟೇಡಿಯಂ ಎಕ್ಸ್‌ಪ್ರೆಸ್ ಬಸ್ ಇದೆ. ಆಟದ ಟಿಕೆಟ್ ತೋರಿಸಿದರೆ ದುಡ್ಡಿಲ್ಲ. ಊಟಕ್ಕೂ ಅಷ್ಟೇ, ಮನೆಯಿಂದ ತರಬಹುದು, ಚೀಲ ಪಾರದರ್ಶಕವಾಗಿರಬೇಕು. ನಮ್ಮದು ಜಿಪ್ ಕವರ್‌ನಲ್ಲಿ ಚಿತ್ರಾನ್ನ, ಕೋಡುಬಳೆ. ಗೇಟಿನಲ್ಲಿದ್ದ ಹುಡುಗ ಕೋಡುಬಳೆ ನೋಡಿ ಈರುಳ್ಳಿ ರಿಂಗಾ ಅಂತ ಕೇಳಿದ. ಹೂಂ ಅಂದುಬಿಟ್ಟೆ.

ಇತ್ತ ಫ್ರಿಜ್ ಮೇಲೆ ಕೆಂಪು ಜಾಸ್ತಿ ಆಗುತ್ತಿತ್ತು. ಸ್ನೆಲ್ ಎರಡೇ ಆಟ ಆಡಿ ಭುಜ ಹಿಡಿದುಕೊಂಡ. ಟೈಲರ್ ಗ್ಲಾಸ್ನೌಗೆ ಭುಜ. ಮೇ ತಿಂಗಳಲ್ಲಿ ಸಸಾಕಿಗೂ ಭುಜ. ದುಡ್ಡು ಕೊಟ್ಟು ಪಿಚರ್ ತರಬಹುದು, ಭುಜಕ್ಕೆ ಗ್ಯಾರಂಟಿ ಕಾರ್ಡ್ ಬರುವುದಿಲ್ಲ, ಅಲ್ವಾ? ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. 117 ಬೇಕಾಗಿದ್ದು ನಮಗೆ. ಮ್ಯಾನೇಜರ್ ಡೇವ್ ರಾಬರ್ಟ್ಸ್‌ಗೆ ಬೇಕಾಗಿದ್ದು ಅಕ್ಟೋಬರ್‌ನಲ್ಲಿ ಗಟ್ಟಿಯಾಗಿರುವ ಕೈಗಳು. ಪ್ಲೇಆಫ್‌ಗೆ ಹೋಗಲು ನೂರು ಗೆಲುವೂ ಬೇಡ. 2024ರಲ್ಲೂ 2025ರಲ್ಲೂ ಒಂದೇ ಒಂದು ತಂಡ ನೂರು ಮುಟ್ಟಲಿಲ್ಲ. ಹೀಗಿರುವಾಗ ಜೂನ್ ತಿಂಗಳ ಒಂದು ಮಂಗಳವಾರಕ್ಕಾಗಿ ಒಳ್ಳೆ ಪಿಚರ್‌ನ ಭುಜ ಯಾರು ಸವೆಸುತ್ತಾರೆ?

116 ಮಾಡಿದವರಿಗಾದರೂ ಏನು ಸಿಕ್ಕಿತು? ಕಬ್ಸ್ 1906ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಸೋತಿದ್ದು ತನ್ನದೇ ಊರಿನ ವೈಟ್ ಸಾಕ್ಸ್‌ಗೆ. ಮ್ಯಾರಿನರ್ಸ್ ಕಥೆ ಇನ್ನೂ ಬೇಜಾರು. ಜಪಾನಿನ ಸ್ಟಾರ್ ಇಚಿರೋ ಅಮೆರಿಕಕ್ಕೆ ಬಂದ ಮೊದಲ ವರ್ಷ ಅದು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 14-2 ಮುಂದಿದ್ದು 15-14ಕ್ಕೆ ಸೋತರು. ಸೀಸನ್‌ನ ಕೊನೇ ದಿನ ಟೆಕ್ಸಸ್ ಕೈಲಿ 4-3ಕ್ಕೆ ಸೋತರು. ಈ ಎರಡರಲ್ಲಿ ಒಂದು ಗೆದ್ದಿದ್ದರೂ 117. ಆಮೇಲೆ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವರನ್ನು ಮನೆಗೆ ಕಳಿಸಿತು. ಮತ್ತೆ ಅವರು ಪ್ಲೇಆಫ್ ಮುಖ ನೋಡಿದ್ದು 2022ರಲ್ಲಿ. ಇದನ್ನೆಲ್ಲಾ ಮಗ ಊಟದ ಹೊತ್ತಿಗೆ ಹೇಳುತ್ತಿದ್ದ, ಮಾವ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಜುಲೈ 2ರ ಟಿಕೆಟ್ ನಾನು ಕೊಂಡಿದ್ದಲ್ಲ. ಸಹೋದ್ಯೋಗಿಯೊಬ್ಬರು ಊರಿಗೆ ಹೊರಟಿದ್ದರು, ಕೊಟ್ಟರು. ಡಾಡ್ಜರ್ಸ್‌ನ ಪಿಚರ್ ಕ್ಲೇಟನ್ ಕರ್ಶಾಗೆ 3,000 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಎಸೆತದಿಂದಲೇ ಔಟ್ ಮಾಡುವುದು) ಆಗಲು ಇನ್ನು ಮೂರು ಬೇಕಿತ್ತು. ಎದುರಿಗೆ ವೈಟ್ ಸಾಕ್ಸ್. ಆರನೇ ಇನ್ನಿಂಗ್ಸ್ ಬಂದರೂ ಮೂರನೆಯದು ಬೀಳಲಿಲ್ಲ. ಅವನ ನೂರನೇ ಎಸೆತ. ಬ್ಯಾಟರ್ ಬ್ಯಾಟ್ ಎತ್ತಲೇ ಇಲ್ಲ, ಅಂಪೈರ್ ಕೈ ಎತ್ತಿದ. ಇಡೀ ಸ್ಟೇಡಿಯಂ ನಿಂತೇ ಇತ್ತು. ಕರ್ಶಾ ಟೋಪಿ ತೆಗೆದು ಒಂದು ಸುತ್ತು ತಿರುಗಿದ. ಅವತ್ತು ತಂಡ ಗೆದ್ದಿದ್ದು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, 5-4. ಬಸ್ಸಿನಲ್ಲಿ ವಾಪಸ್ ಬರುವಾಗ 117ರ ಮಾತು ಯಾರೂ ಎತ್ತಲಿಲ್ಲ. ಚಾರ್ಟ್ ತುಂಬಿಸುವುದೂ ಮರೆತು ಮಗ ನಿದ್ದೆ ಹೋದ.

ಎರಡು ದಿನ ಬಿಟ್ಟು ಜುಲೈ 4, ನಾನು ದುಡ್ಡು ಕೊಟ್ಟ ಎರಡನೇ ಆಟ. ಹ್ಯೂಸ್ಟನ್ ಆಸ್ಟ್ರೋಸ್. ಆರನೇ ಇನ್ನಿಂಗ್ಸ್ ಒಂದರಲ್ಲೇ ಹತ್ತು ರನ್ ಹೊಡೆದರು. ಕೊನೆಗೆ 18-1ಕ್ಕೆ ಸೋತೆವು. ನಮ್ಮ ಸಾಲಿನಲ್ಲಿ ಉಳಿದಿದ್ದು ನಾವು ನಾಲ್ಕು ಜನ ಮಾತ್ರ. ಕೊಟ್ಟ ದುಡ್ಡಿಗೆ ಕೊನೇ ತನಕ ಕೂರಬೇಕು ಅನ್ನೋದು ಮಾವನ ನಿಯಮ. ಅಲ್ಲಿಂದ ಒಂದೇ ಸಮನೆ ಏಳು ಸೋಲು. ಆಸ್ಟ್ರೋಸ್‌ಗೆ ಮೂರು, ಮಿಲ್ವಾಕಿ ಬ್ರೂವರ್ಸ್‌ಗೆ ಮೂರು, ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು. 56 ಗೆಲುವು, 39 ಸೋಲು. ಬಜೆಟ್‌ನಲ್ಲಿ ಬಾಕಿ ಆರು, ಆಟ ಬಾಕಿ 67. ಅಂದರೆ ಇನ್ನು 67ರಲ್ಲಿ 61 ಗೆಲ್ಲಬೇಕು. ಮಗ ಪೆನ್ಸಿಲ್ ಇಟ್ಟ. ನಾನು ಲೆಕ್ಕ ಮುಚ್ಚಿದೆ.

ಮೂರನೇ ಆಟ ಆಗಸ್ಟ್‌ನದ್ದು. ಸ್ಕೋರ್ ನಿಜವಾಗಲೂ ನೆನಪಿಲ್ಲ. ಆದರೆ ಅದೇ ನಮಗೆ ತುಂಬಾ ಹಾಯಾಗಿ ಕಳೆದ ಸಂಜೆ. ಗೊಂಬೆ ಇಲ್ಲ, ದಾಖಲೆ ಇಲ್ಲ, ಟಿಕೆಟ್ ಅಗ್ಗ, ಪಕ್ಕದ ಸೀಟುಗಳು ಖಾಲಿ. ಮಾವ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತಿದ್ದರು. 5ಕ್ಕೆ 4 ಕೊಟ್ಟಿದ್ದು ಈ ಸಂಜೆಗೆ. ಕಡಿಮೆಯಾದ ಒಂದು, ಆ ಕಡಿದಾದ ಮೆಟ್ಟಿಲಿಗೆ.

ಡಾಡ್ಜರ್ಸ್ ಸೀಸನ್ ಮುಗಿಸಿದ್ದು 93-69ರಲ್ಲಿ. ಬಜೆಟ್‌ಗಿಂತ 24 ಹೆಚ್ಚು ಖರ್ಚು. ಆಮೇಲೆ ನೋಡಿದರೆ, ಆ ವರ್ಷ ಎಲ್ಲರಿಗಿಂತ ಹೆಚ್ಚು, 97 ಆಟ ಗೆದ್ದ ಬ್ರೂವರ್ಸ್‌ನ್ನೇ ಪ್ಲೇಆಫ್‌ನಲ್ಲಿ 4-0 ಹೊಡೆದರು. ನವೆಂಬರ್ 1ಕ್ಕೆ ಟೊರಾಂಟೋದಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಆಟ, ಹನ್ನೊಂದು ಇನ್ನಿಂಗ್ಸ್, 5-4, ಕಪ್ ಮತ್ತೆ ಇವರದ್ದೇ. ತೀರ್ಥಹಳ್ಳಿಯಲ್ಲಿ ಅದು ಭಾನುವಾರ ಬೆಳಗಿನ ತಿಂಡಿ ಹೊತ್ತು. ಮಾವ ಫೋನ್ ಮಾಡಿ, "ಆರ್‌ಸಿಬಿನೂ ಗೆದ್ದಾಯ್ತು, ಇವ್ರೂ ಗೆದ್ದಾಯ್ತು. ನಾನು ಮುಂದಿನ ವರ್ಷ ಬರ್ಲೋ ಬೇಡ್ವೋ?" ಅಂದರು.

ಬಂದರೆ ಟಾಪ್ ಡೆಕ್ಕೇ. ದಾಖಲೆ ಆಗುತ್ತೆ ಅಂತ ಮಾರ್ಚ್‌ನಲ್ಲಿ ದುಬಾರಿ ಟಿಕೆಟ್ ಮಾತ್ರ ತಗೊಳ್ಳಲ್ಲ. ಆಟಕ್ಕೆ ಎರಡು ದಿನ ಇರುವಾಗ, ವಾರದ ಮಧ್ಯದ್ದು ನೋಡಿ ತಗೊಳ್ಳುತ್ತೇನೆ. ನೀವು ಏಪ್ರಿಲ್‌ನಲ್ಲಿ ಹೋಗುವುದಾದರೆ ಸ್ವೆಟರ್ ಇರಲಿ, ಕತ್ತಲಾದ ಮೇಲೆ ಮೇಲೆ ಗಾಳಿ ಜೋರು. ಒಟಾನಿ ರಾತ್ರಿ ಮಾವ ಊರಿಂದ ತಂದ ಮಂಕಿ ಕ್ಯಾಪ್ ಹಾಕಿಕೊಂಡಾಗ ಹಿಂದಿನ ಸಾಲಿನ ಹುಡುಗರು ನಕ್ಕಿದ್ದರು. ಏಳನೇ ಇನ್ನಿಂಗ್ಸ್ ಹೊತ್ತಿಗೆ ಅದೇ ಹುಡುಗರು ಬಗ್ಗಿ ಕೇಳಿದರು, ಈ ಟೋಪಿ ಸ್ಟೇಡಿಯಂನ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ.