ಮಳೆಗಾಲದ ಗ್ರೀಟಿಂಗ್ ಕಾರ್ಡಿಗೆ ಯಾವ ಅಂಟು: ಬಿಳಿ ಗಮ್ಮೋ, ಗ್ಲೂ ಸ್ಟಿಕ್ಕೋ, ಡಬಲ್ ಸೈಡ್ ಟೇಪೋ?

ಚಿಕ್ಕಮಗಳೂರಿನಂಥ ಊರಲ್ಲಿ ಕೂತು ಕೈಯಾರೆ ಕಾರ್ಡ್ ಮಾಡುವವರಿಗೆ ನನ್ನ ಸಲಹೆ ಒಂದೇ: ಡಬಲ್ ಸೈಡ್ ಟೇಪ್ ತಗೊಳ್ಳಿ. ಮಿಕ್ಕ ಅಂಟುಗಳಿಗೂ ಅವುಗಳದೇ ಕೆಲಸವಿದೆ, ಅದನ್ನೂ ಹೇಳುತ್ತೇನೆ. ಆದರೆ ಕಾಗದದ ಮೇಲೆ ಕಾಗದವನ್ನು ಚಪ್ಪಟೆಯಾಗಿ ಕೂರಿಸುವ ಕೆಲಸಕ್ಕೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಟೇಪಿಗೆ ಸಾಟಿಯಿಲ್ಲ. ಅಗ್ಗವೆಂದು ತಂದ ಅರ್ಧ ಕೆಜಿ ಬಿಳಿ ಗಮ್ಮಿನ ಡಬ್ಬಿ ಗೌರಿ ಹಬ್ಬದ ಕಾರ್ಡುಗಳನ್ನೆಲ್ಲ ಸೊಟ್ಟ ಮಾಡಿದ ಮೇಲೆ, ಒಂದೇ ಬಗೆಯ ಕಾಗದದ ಮೇಲೆ ಎಲ್ಲವನ್ನೂ ಹಚ್ಚಿ ನೋಡಿ ಬರೆದದ್ದು ಇದು.

ಕಾಗದದ ಲೆಕ್ಕ ಇಷ್ಟು. ತಳಕ್ಕೆ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ಐವರಿ ಕಾರ್ಡ್ ಎಂಬ ನುಣುಪಾದ ದಪ್ಪ ಹಾಳೆ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೆ ಎ5, ಅದನ್ನು ಮಡಿಸಿದರೆ 105 × 148 ಮಿಲಿಮೀಟರಿನ ಕಾರ್ಡ್. ಮುಖದ ಮೇಲೆ 120 ಜಿಎಸ್‌ಎಂ ಬಣ್ಣದ ಹಾಳೆ, 95 × 138ಕ್ಕೆ ಕತ್ತರಿಸಿದ್ದು. ಆಗ ಸುತ್ತ 5 ಮಿಮೀ ಬಿಳಿ ಅಂಚು ಉಳಿಯುತ್ತದೆ. ಈ ಅಂಚು ಉಳಿಸುವುದು ಚಂದಕ್ಕೆ ಮಾತ್ರವಲ್ಲ. ಮೇಲಿನ ಹಾಳೆ ಒಂದು ಕೂದಲೆಳೆ ವಾರೆಯಾದರೂ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅಂಟಿನ ಗುಣದೋಷ ಇಲ್ಲೇ ಬಯಲಾಗುತ್ತದೆ.

ಬಿಳಿ ಗಮ್ಮಿನಿಂದಲೇ ಶುರು ಮಾಡೋಣ. ಹಿಡಿತದಲ್ಲಿ ಇದಕ್ಕೆ ಯಾವುದೂ ಸಮನಲ್ಲ. ಚೆನ್ನಾಗಿ ಒಣಗಿದ ಮೇಲೆ ಕಿತ್ತರೆ ಕಾಗದ ಹರಿಯುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ತೊಂದರೆ ಇರುವುದು ಅದರೊಳಗಿನ ನೀರಿನಲ್ಲಿ. ಹಚ್ಚಿದ ಹತ್ತು ಸೆಕೆಂಡಿಗೆ ಮೇಲಿನ ಹಾಳೆ ನೀರು ಕುಡಿದು ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ನಾವು ಅದನ್ನು ಒತ್ತಿ ಅಂಟಿಸುತ್ತೇವೆ. ಒಣಗುತ್ತಾ ಅದು ಮತ್ತೆ ಕುಗ್ಗುತ್ತದೆ, ಕುಗ್ಗುವಾಗ ಕೆಳಗಿನ ಐವರಿಯನ್ನೂ ತನ್ನ ಕಡೆ ಎಳೆಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಕಾರ್ಡಿನ ಮುಖ ಒಣಗಿದ ಹಪ್ಪಳದ ಹಾಗೆ ಒಳಕ್ಕೆ ಬಾಗಿ, ಅಂಚಿನ ಅಡಿಯಲ್ಲಿ ಒಂದು ಬೆರಳು ತೂರುವಷ್ಟು ಎದ್ದಿರುತ್ತದೆ. ಅಂಟು ಕಡಿಮೆಯಾಯಿತೆಂದುಕೊಂಡು ಮುಂದಿನ ಸಲ ಇನ್ನಷ್ಟು ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಅಂಟು ಜಾಸ್ತಿಯಾದರೆ ನೀರು ಜಾಸ್ತಿ, ನೀರು ಜಾಸ್ತಿಯಾದರೆ ಬಾಗು ಜಾಸ್ತಿ.

ಯಾವ ದಿಕ್ಕಿಗೆ ಬಾಗುತ್ತದೆ ಎನ್ನುವುದಕ್ಕೂ ಕಾರಣವಿದೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಯಂತ್ರ ಓಡಿದ ದಿಕ್ಕಿಗೇ ಮಲಗಿರುತ್ತವೆ. ನೀರು ತಾಗಿದಾಗ ನಾರು ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಹಾಗಾಗಿ ಹಾಳೆ ನಾರಿಗೆ ಅಡ್ಡಲಾಗಿ ಹಿಗ್ಗಿ, ಅಡ್ಡಲಾಗಿಯೇ ಕುಗ್ಗಿ, ನಾರಿನ ಗುಂಟ ಕೊಳವೆಯಂತೆ ಸುತ್ತಿಕೊಳ್ಳಲು ನೋಡುತ್ತದೆ. ನಾರಿನ ದಿಕ್ಕು ಪತ್ತೆ ಮಾಡುವುದು ಸುಲಭ. ಹಾಳೆಯನ್ನು ಮೇಜಿನ ಮೇಲಿಟ್ಟು ಮಡಿಸದೆ ಬರಿದೆ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಯಾವ ಕಡೆ ಮೆತ್ತಗೆ ಬಗ್ಗುತ್ತದೋ ಆ ಬಗ್ಗಿನ ಗೆರೆಗೆ ಸಮಾನಾಂತರವಾಗಿ ನಾರು ಇದೆ ಎಂದು ಅರ್ಥ. ಅನುಮಾನ ಬಂದರೆ ಅಂಚಿನಿಂದ ಚಿಕ್ಕದೊಂದು ಚೌಕ ಕತ್ತರಿಸಿ ಒಂದು ಬದಿ ಮಾತ್ರ ಒದ್ದೆ ಮಾಡಿ. ಅದು ಸುತ್ತಿಕೊಂಡ ಕೊಳವೆ ಯಾವ ದಿಕ್ಕಿಗೆ ಮಲಗಿದೆಯೋ ಅದೇ ನಾರಿನ ದಿಕ್ಕು. ತಳದ ಕಾರ್ಡಿನ ಮಡಿಕೆ ನಾರಿನ ಗುಂಟ ಬರಬೇಕು, ಇಲ್ಲದಿದ್ದರೆ ಮಡಿಕೆಯ ಮೇಲೆ ಬಿರುಕು ಬಿಟ್ಟು ಒರಟಾಗುತ್ತದೆ. ಮೇಲಿನ ಹಾಳೆಯ ನಾರೂ ಅದೇ ದಿಕ್ಕಿಗಿರಲಿ. ಒಂದು ಉದ್ದ, ಒಂದು ಅಡ್ಡ ಇಟ್ಟು ಅಂಟಿಸಿದರೆ ಕಾರ್ಡು ಮೂಲೆಯಿಂದ ಮೂಲೆಗೆ ತಿರುಚಿಕೊಂಡು, ನೆಟ್ಟಗೆ ನಿಲ್ಲಿಸಲೂ ಆಗದಂತಾಗುತ್ತದೆ.

ಬಿಳಿ ಗಮ್ಮನ್ನೇ ಬಳಸಬೇಕೆಂದಿದ್ದರೆ ಮಾಡಬೇಕಾದ್ದು ಹೀಗೆ. ಡಬ್ಬಿಯ ಮೂತಿಯಿಂದ ಹಾವಿನಂತೆ ಸುರಿಯಬೇಡಿ. ಒಂದು ಚಮಚ ಗಮ್ಮನ್ನು ತಟ್ಟೆಗೆ ಹಾಕಿ, ನೀರು ಬೆರೆಸದೆ, ಒಂದಿಂಚಿನ ಗಡಸು ಬ್ರಷ್ಷಿನಲ್ಲಿ ನಡುವಿನಿಂದ ಅಂಚಿಗೆ ತೆಳ್ಳಗೆ ಎಳೆಯಿರಿ. ಗಮ್ಮಿನ ಬಿಳಿ ಬಣ್ಣ ಕಾಣದೆ, ಬೆಳಕಿಗೆ ಹೊಳಪಷ್ಟೇ ಕಂಡರೆ ಅಳತೆ ಸರಿಯಾಗಿದೆ. ಕಾರ್ಡಿನ ಮುಖದ ಒಳಬದಿಗೂ ಅಷ್ಟೇ ಅಳತೆಯ ಹಾಳೆಯೊಂದನ್ನು, ನಾರಿನ ದಿಕ್ಕು ಕಾಯ್ದು, ಹಾಗೆಯೇ ಅಂಟಿಸಿ. ಎರಡೂ ಕಡೆಯ ಎಳೆತ ಒಂದನ್ನೊಂದು ತಡೆಯುತ್ತದೆ. ಬೈಂಡಿಂಗ್ ಕೆಲಸದವರು ರಟ್ಟಿಗೆ ಎರಡೂ ಬದಿ ಕಾಗದ ಹಚ್ಚುವುದು ಇದೇ ಕಾರಣಕ್ಕೆ. ಆಮೇಲೆ ಮೇಲೊಂದು, ಕೆಳಗೊಂದು, ಮಡಿಕೆಯೊಳಗೊಂದು ಹಳೇ ನೋಟ್‌ಬುಕ್ಕಿನ ಹಾಳೆ ಇಟ್ಟು, ಚಪಾತಿ ಮಣೆಯನ್ನು ಮಗುಚಿ ಹಾಕಿ, ಅದರ ಮೇಲೆ ಅಕ್ಕಿ ಡಬ್ಬದಂಥ ಭಾರ ಹೇರಿ. ಗಂಟೆಗೊಮ್ಮೆ ಆ ಹಾಳೆಗಳನ್ನು ಬದಲಿಸಬೇಕು, ಏಕೆಂದರೆ ಕಾರ್ಡಿನಿಂದ ಹೊರಬಂದ ತೇವ ಹೋಗಲು ಅದೊಂದೇ ದಾರಿ. ಹಳೇ ನ್ಯೂಸ್‌ಪೇಪರ್ ಇಡಬೇಡಿ, ಒದ್ದೆ ಕಾಗದಕ್ಕೆ ಮಸಿ ಹತ್ತುತ್ತದೆ. ಒಲೆಯ ಹತ್ತಿರ ಇಟ್ಟು ಬೇಗ ಒಣಗಿಸಲು ಹೋದರೆ ಒಂದು ಬದಿ ಮೊದಲು ಒಣಗಿ ಬಾಗು ಇನ್ನೂ ಹೆಚ್ಚುತ್ತದೆ.

ಬೇಸಿಗೆಯಲ್ಲಿ ಈ ಉಪಾಯ ನಡೆಯುತ್ತದೆ. ರಾತ್ರಿ ಭಾರ ಹೇರಿದರೆ ಬೆಳಗ್ಗೆ ಕಾರ್ಡು ತೆಗೆಯಬಹುದು. ಆರಿದ್ರಾ ಮಳೆ ಹಿಡಿದ ಮೇಲೆ ಕಥೆಯೇ ಬೇರೆ. ಹಾಳೆ ಅಂಗಡಿಯಿಂದ ಬರುವಾಗಲೇ ಮೆತ್ತಗಾಗಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುವಾಗ ಕಾರ್ಡಿನ ನೀರು ಆರುವುದಾದರೂ ಎಲ್ಲಿಗೆ? ಮೂರನೇ ದಿನ ಮುಟ್ಟಿದರೂ ಒಳಗೆ ತಣ್ಣಗೆ ಹಸಿ. ಹಾಗೇ ಲಕೋಟೆಗೆ ಹಾಕಿ ಅಂಟಿಸಿದರೆ ಬೂಷ್ಟಿನ ಚುಕ್ಕೆ. ಅದೂ ತಪ್ಪಿ ಬೆಂಗಳೂರಿನ ಒಣ ಗಾಳಿಗೆ ತಲುಪಿದರೆ ಅಲ್ಲಿ ಪೂರ್ತಿ ಒಣಗುತ್ತಾ ಬಾಗುತ್ತದೆ. ಇಲ್ಲಿಂದ ಹೊರಟಾಗ ನೆಟ್ಟಗಿದ್ದ ಕಾರ್ಡು ಅಲ್ಲಿ ಸೊಟ್ಟಗೆ ಕಾಣುವುದು ಹೀಗೆ.

ಇನ್ನೊಂದು ಮಾತು: ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಫೋಟೋ ಅಥವಾ ಶಾಯಿ ಪೆನ್ನಿನ ಬರಹದ ಹಿಂದೆ ಬಿಳಿ ಗಮ್ ಹಚ್ಚಲೇಬೇಡಿ. ನೀರಿಗೆ ಬಣ್ಣ ಹರಡುತ್ತದೆ.

ಗ್ಲೂ ಸ್ಟಿಕ್ ಮಕ್ಕಳ ಕೈಗೆ ಒಳ್ಳೆಯದು. ನೀರು ಕಡಿಮೆ, ಬಾಗುವುದೂ ಕಡಿಮೆ, ವಾರೆಯಾದರೆ ಅರ್ಧ ನಿಮಿಷದೊಳಗೆ ಸರಿಸಬಹುದು. ಆದರೆ ಅಂಚಿನವರೆಗೆ ಸಮನಾಗಿ ಹತ್ತುವುದಿಲ್ಲ, ಕೆಲವು ವಾರಕ್ಕೆ ಮೂಲೆಗಳು ಏಳುತ್ತವೆ. ಮನೆಯಲ್ಲೇ ಉಳಿಯುವ ಕಾರ್ಡಿಗೆ ಸಾಕು, ಅಂಚೆಗೆ ಹಾಕುವ ಕಾರ್ಡಿಗೆ ಸಾಲದು.

ಮೈದಾ ಅಂಟು ಮಲೆನಾಡಿನಲ್ಲಿ ಬೇಡ. ಬೂಷ್ಟು, ಜಿರಲೆ ಎರಡಕ್ಕೂ ಔತಣ.

ಬಿಸಿ ಗಮ್ಮಿನ ಗನ್ನು ಗುಂಡಿ, ಮಣಿ, ಒಣಗಿದ ಕಾಯಿಯಂಥ ಉಬ್ಬಿನ ವಸ್ತುಗಳಿಗೆ ಮಾತ್ರ. ಕಾಗದದ ಮೇಲೆ ಕಾಗದಕ್ಕೆ ಬಳಸಿದರೆ ಗಂಟು ಗಂಟಾಗಿ ಮೇಲಿಂದಲೇ ಕಾಣುತ್ತದೆ, ಜೇಡರ ಬಲೆಯಂಥ ಎಳೆಗಳನ್ನು ಬಿಡಿಸುತ್ತಾ ಕೂರಬೇಕು. ಮಳೆಗಾಲದಲ್ಲಿ ಕರೆಂಟು ಹೋದರಂತೂ ಮೂತಿಯಲ್ಲೇ ಗಟ್ಟಿಯಾಗಿ ಕೂರುತ್ತದೆ.

ಇನ್ನು ನನ್ನ ಮೆಚ್ಚಿನ ಟೇಪ್. ತೆಳ್ಳನೆಯ ಟಿಶ್ಯೂ ಮಾದರಿಯದು, 6 ಮಿಮೀ ಅಗಲ. 12 ಮಿಮೀ ಸುಲಭವಾಗಿ ಸಿಗುತ್ತದೆ, ಆದರೆ ಅಂಚಿನ ಕೆಲಸಕ್ಕೆ 6 ಅಚ್ಚುಕಟ್ಟು. ನೀರೇ ಇಲ್ಲದ್ದರಿಂದ ಕಾಗದ ಹಿಗ್ಗುವ ಪ್ರಶ್ನೆಯೇ ಇಲ್ಲ, ಕಾಯುವ ಕೆಲಸವೂ ಇಲ್ಲ. ಪಾತ್ರೆ ತೊಳೆದು, ಬೆಳಗಿನ ದೋಸೆಗೆ ರುಬ್ಬಿಟ್ಟು, ಮಲಗುವ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ ಎರಡು ಕಾರ್ಡು ಮುಗಿಸಿ ಲಕೋಟೆಗೆ ಹಾಕಿಬಿಡಬಹುದು. ಊಟದ ಮೇಜನ್ನೇ ಕೆಲಸದ ಮೇಜು ಮಾಡಿಕೊಂಡವರಿಗೆ ಇದು ಸಣ್ಣ ಅನುಕೂಲವಲ್ಲ. ಬಿಳಿ ಗಮ್ಮಾದರೆ ಭಾರ ಹೇರಿದ ರಾಶಿ ತಿಂಡಿಯ ಹೊತ್ತಿಗೂ ಅಲ್ಲೇ ಕೂತಿರುತ್ತದೆ, ಯಾರೋ ಒಬ್ಬರು ಅದನ್ನು ಸರಿಸಿಯೇ ಸರಿಸುತ್ತಾರೆ.

ಹಚ್ಚುವ ಕ್ರಮದಲ್ಲಿ ಜಾಗ್ರತೆ ಬೇಕು. ಹಾಳೆಯ ಹಿಂಬದಿಗೆ, ಅಂಚಿನಿಂದ 2 ಮಿಮೀ ಒಳಗೆ, ನಾಲ್ಕೂ ಕಡೆ ಟೇಪ್ ಹಾಕಿ, ನಡುವೆ ಉದ್ದಕ್ಕೆ ಒಂದು ಪಟ್ಟಿ. ಮೂಲೆಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಏರಬಾರದು, ಏರಿದರೆ ಅಲ್ಲಿ ಉಬ್ಬು ಬರುತ್ತದೆ. ನಡುವಿನ ಪಟ್ಟಿ ಬಿಟ್ಟರೆ ಮಳೆಗಾಲದ ತೇವಕ್ಕೆ ಹಾಳೆ ಮಧ್ಯದಲ್ಲಿ ಗಾಳಿ ತುಂಬಿದಂತೆ ಎದ್ದು ನಿಲ್ಲುತ್ತದೆ. ಹೊದಿಕೆ ಕಾಗದ ಬಿಡಿಸುವ ಮುಂಚೆ ಚಮಚದ ಹಿಂಬದಿಯಿಂದ ಪಟ್ಟಿಗಳನ್ನು ಒಂದು ಸಲ ಗಟ್ಟಿಯಾಗಿ ಉಜ್ಜಿ. ಹಿಡಿತ ಬರುವುದು ಒತ್ತಡದಿಂದ.

ಟೇಪಿನ ದೊಡ್ಡ ಕುಂದು, ಒಮ್ಮೆ ಕೂತರೆ ಕೂತಿತು. ಸರಿಸಲು ಬರುವುದಿಲ್ಲ. ಇದಕ್ಕೊಂದು ಉಪಾಯವಿದೆ, ಇದನ್ನು ಕಲಿತವರು ಮತ್ತೆ ಗಮ್ಮಿನ ಕಡೆ ತಿರುಗುವುದಿಲ್ಲ. ಪ್ರತಿ ಪಟ್ಟಿಯ ಒಂದು ತುದಿಯಲ್ಲಿ ಮಾತ್ರ ಹೊದಿಕೆ ಕಾಗದವನ್ನು ಉಗುರಿನಿಂದ ಎಬ್ಬಿಸಿ, ಒಂದು ಸೆಂಟಿಮೀಟರಿನಷ್ಟು ಬಿಡಿಸಿ, ಆ ಬಾಲವನ್ನು ಓರೆಯಾಗಿ ಹಾಳೆಯ ಅಂಚಿನಿಂದ ಆಚೆಗೆ ಮಡಿಸಿ. ನಾಲ್ಕೂ ಕಡೆ ನಾಲ್ಕು ಬಾಲ ಹೊರಗೆ ಚಾಚಿಕೊಂಡಿರುತ್ತವೆ. ನಡುವಿನ ಪಟ್ಟಿಯ ಬಾಲವನ್ನು ಕೆಳಗಡೆಯಿಂದ ಹೊರಗೆ ತನ್ನಿ. ಈಗ ಹಾಳೆಯನ್ನು ಕಾರ್ಡಿನ ಮೇಲಿಟ್ಟು, ಸುತ್ತಲಿನ 5 ಮಿಮೀ ಅಂಚು ಸಮನಾಗುವವರೆಗೆ ಸರಿಸಿ. ಒತ್ತದೆ ಇದ್ದರೆ ಬಿಚ್ಚಿದ ಆ ಚೂರು ಟೇಪು ಹಿಡಿದುಕೊಳ್ಳುವುದಿಲ್ಲ. ಅಳತೆ ಕೂತ ಮೇಲೆ ಬಿಚ್ಚಿದ ತುದಿಗಳ ಮೇಲೆ ಬೆರಳಿಟ್ಟು ಒತ್ತಿ, ನಡುವಿನ ಬಾಲವನ್ನು ಮೊದಲು, ಅಂಚಿನವನ್ನು ಆಮೇಲೆ, ಮೆಲ್ಲಗೆ ಹೊರಕ್ಕೆ ಎಳೆಯಿರಿ. ಜೋರಾಗಿ ಎಳೆದರೆ ಹೊದಿಕೆ ಕಾಗದ ಒಳಗೇ ತುಂಡಾಗುತ್ತದೆ, ಆಗ ಚಿಮುಟ ಹಿಡಿದು ಕೂರಬೇಕಾಗುತ್ತದೆ.

ಕತ್ತರಿಗೆ ಅಂಟು ಮೆತ್ತಿದರೆ ಹತ್ತಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಎಣ್ಣೆಯ ಪಸೆ ಹೋಗುವಂತೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಟೇಪು ಸೋಲುವ ಜಾಗಗಳೂ ಇವೆ. ಒರಟು ಮೈಯ ಕೈಕಾಗದದ ಮೇಲೆ ಅದು ಉಬ್ಬುಗಳ ತಲೆಯನ್ನಷ್ಟೇ ಹಿಡಿಯುತ್ತದೆ, ಎರಡು ತಿಂಗಳಲ್ಲಿ ಬಿಡುತ್ತದೆ. ಅಲ್ಲಿ ಬಿಳಿ ಗಮ್ಮೇ ಸರಿ. ಕೈಯಿಂದ ಎತ್ತಿದ ಕಾಗದದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಬಾಗುವ ಕಾಟವೂ ಕಡಿಮೆ. ಇನ್ನೊಂದು ಜಾಗ ಜಾಲರಿ ಕೆತ್ತನೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಜಾಲಂಧ್ರಗಳನ್ನು ನೋಡಿದವರಿಗೆ ಅಂಥದ್ದನ್ನು ಕಾಗದದಲ್ಲಿ ಕತ್ತರಿಸುವ ಆಸೆ ಬಾರದೆ ಇರದು. ಅಲ್ಲಿ ಉಳಿಯುವ ಕಾಗದದ ಪಟ್ಟಿ 3 ಮಿಮೀ ಅಷ್ಟೇ, 6 ಮಿಮೀ ಟೇಪ್ ಎಲ್ಲಿ ಕೂರುತ್ತದೆ? ಹಾಲಿನ ಪ್ಯಾಕೆಟ್ಟನ್ನು ತೊಳೆದು ಒರೆಸಿ ಬಿಡಿಸಿಕೊಳ್ಳಿ. ಅದರ ಮೇಲೆ ಬಿಳಿ ಗಮ್ಮನ್ನು ಬ್ರಷ್ಷಿನಲ್ಲಿ ಪೊರೆಯಂತೆ ಹರಡಿ, ಜಾಲರಿಯನ್ನು ಅದರ ಮೇಲೆ ಮೆಲ್ಲಗೆ ಒತ್ತಿ, ಚಿಮುಟದಿಂದ ಎತ್ತಿ, ನೇರವಾಗಿ ಕಾರ್ಡಿನ ಮೇಲೆ ಇಳಿಸಿ. ಕಿಂಡಿಗಳೊಳಗೆ ಗಮ್ ಹರಿಯುವುದಿಲ್ಲ, ಪಟ್ಟಿಗಳು ತೆಳುವಾದ್ದರಿಂದ ಎಳೆತವೂ ಅಷ್ಟಿರುವುದಿಲ್ಲ. ಇನ್ನೂ ಅಚ್ಚುಕಟ್ಟು ಬೇಕೆಂದರೆ ಎರಡೂ ಬದಿ ಅಂಟಿರುವ ಹಾಳೆ ಸಿಗುತ್ತದೆ; ಅದನ್ನು ಹಿಂದೆ ಹಚ್ಚಿಕೊಂಡೇ ಕತ್ತರಿಸಬೇಕು.

ಫೋಮ್ ಟೇಪನ್ನು ಹೂವನ್ನೋ ಎಲೆಯನ್ನೋ ಎತ್ತರಿಸಲು ಬಳಸುತ್ತಾರೆ. ಅಂಚೆಗೆ ಹಾಕುವುದಾದರೆ 1 ಮಿಮೀ ದಪ್ಪದ್ದು ಸಾಕು. 2 ಮಿಮೀ ಹಾಕಿದರೆ ಅಂಚೆ ಚೀಲದ ಒತ್ತಡಕ್ಕೆ ಅದರ ಗುರುತು ಕಾರ್ಡಿನ ಹಿಂದಕ್ಕೂ ಮೂಡುತ್ತದೆ. ತೂಕವೂ ನೋಡಿಕೊಳ್ಳಿ. ಮೇಲೆ ಹೇಳಿದ ಅಳತೆಯಲ್ಲಿ ತಳ 9.3 ಗ್ರಾಂ, ಬಣ್ಣದ ಹಾಳೆ 1.6 ಗ್ರಾಂ, ಸಿ6 ಲಕೋಟೆ 4 ಗ್ರಾಂ ಆಸುಪಾಸು. ಅಂದರೆ ಅಂಚೆಯ ಮೊದಲ ದರದ ಮಿತಿಯಾದ 20 ಗ್ರಾಂ ದಾಟದಿರಲು ಅಲಂಕಾರಕ್ಕೆ ಉಳಿಯುವುದು ಸುಮಾರು 5 ಗ್ರಾಂ. ಎರಡು ಗಾಜಿನ ಮಣಿ, ಒಂದು ಗುಂಡಿ ಸೇರಿದರೆ ಅದು ಮುಗಿದೇ ಹೋಗಬಹುದು.

ದುಡ್ಡಿನ ಲೆಕ್ಕದಲ್ಲಿ ಬಿಳಿ ಗಮ್ಮೇ ಗೆಲ್ಲುತ್ತದೆ, ಅದನ್ನು ಒಪ್ಪಲೇಬೇಕು. ಟೇಪಿನಲ್ಲಿ ಒಂದು ಕಾರ್ಡಿಗೆ ಉದ್ದದ ಮೂರು ಪಟ್ಟಿ, ಅಗಲದ ಎರಡು ಪಟ್ಟಿ, ಒಟ್ಟು 55 ಸೆಂಟಿಮೀಟರ್ ಹಿಡಿಯಿರಿ. 20 ಮೀಟರಿನ ಸುರುಳಿಯಲ್ಲಿ 36 ಕಾರ್ಡು. ಸುರುಳಿಯ ಬೆಲೆಯನ್ನು 36ರಿಂದ ಭಾಗಿಸಿದರೆ ಒಂದು ಕಾರ್ಡಿನ ಖರ್ಚು ಸಿಗುತ್ತದೆ. ತಿಂಗಳಿಗೆ ನಾಲ್ಕೈದು ಕಾರ್ಡು ಮಾಡುವ ನನ್ನಂಥವರಿಗೆ ಒಂದು ಸುರುಳಿ ಅರ್ಧ ವರ್ಷಕ್ಕೂ ಮೇಲೆ ಬರುತ್ತದೆ. ಸೊಟ್ಟಗಾಗಿ ಬಿಸಾಡಿದ ಐವರಿ ಹಾಳೆಯ ಬೆಲೆ ಸೇರಿಸಿದರೆ ಗಮ್ಮಿನ ಅಗ್ಗ ಉಳಿಯುವುದಿಲ್ಲ. ಮದುವೆ, ಗೃಹಪ್ರವೇಶವೆಂದು ಒಟ್ಟಿಗೆ ಇನ್ನೂರು ಮಾಡುವವರ ಲೆಕ್ಕ ಬೇರೆ. ಅವರು ಬೇಸಿಗೆಯಲ್ಲೇ ಗಮ್ ಹಚ್ಚಿ ಮುಗಿಸಿಕೊಳ್ಳಲಿ.

ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯವರು ಇಷ್ಟು ಹೆದರಬೇಕಿಲ್ಲ. ತೆಳ್ಳಗೆ ಹಚ್ಚಿ ರಾತ್ರಿ ಭಾರ ಹೇರಿದರೆ ಬಿಳಿ ಗಮ್ ಅಲ್ಲಿ ಮಾತು ಕೇಳುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದವರು ಟೇಪಿನ ಜೊತೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನೂ ಲೆಕ್ಕಕ್ಕೆ ಸೇರಿಸಿ. ಕತ್ತರಿಸಿದ ಹಾಳೆ, ಸುರುಳಿ ಎರಡೂ ಅದರಲ್ಲೇ ಇರಲಿ, ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ. ಸುರುಳಿಯ ಎರಡೂ ಬದಿಗೆ ಬಟರ್ ಪೇಪರಿನ ಬಿಲ್ಲೆ ಕತ್ತರಿಸಿ ಅಂಟಿಸಿಡಿ. ಬದಿಯಿಂದ ಒಸರುವ ಅಂಟಿಗೆ ಧೂಳು ಹಿಡಿದರೆ ಪ್ರತಿ ಪಟ್ಟಿಯ ಅಂಚಿನಲ್ಲೂ ಕಪ್ಪು ಗೆರೆ ಬರುತ್ತದೆ, ತಿಳಿ ಬಣ್ಣದ ಹಾಳೆಯಲ್ಲಿ ಅದು ಮುಖದ ಕಡೆಗೂ ಕಾಣುತ್ತದೆ.