ಸಂಬಳ ಏರಿಸುವುದೋ, ಪಾಲು ಕೊಡುವುದೋ?

ನಿಮ್ಮ ಕೈಮಗ್ಗದ ಸಂಸ್ಥೆಯಲ್ಲಿ ಜನ ನಿಲ್ಲುತ್ತಿಲ್ಲ, ಸಂಬಳ ಏರಿಸಲೇ, ಲಾಭದಲ್ಲಿ ಪಾಲು ಕೊಡಲೇ ಎಂದು ಕೇಳಿದ್ದೀರಿ.

ಸಂಬಳ ಪ್ರತಿ ತಿಂಗಳ ಖರ್ಚು, ಮಾರಾಟ ಕುಸಿದರೂ ತಪ್ಪದು. ಪಾಲು ಲಾಭ ಬಂದಾಗ ಮಾತ್ರ.

ಬಾಳಿಕೆಯಲ್ಲಿ ಪಾಲು ಗಟ್ಟಿ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ ಲಿಜ್ಜತ್ ಪಾಪಡ್ ನೋಡಿ. ಅಲ್ಲಿ ಹಪ್ಪಳ ಲಟ್ಟಿಸುವವರೇ ಒಡತಿಯರು. ಲಾಭವನ್ನೂ ಹಂಚಿಕೊಳ್ಳುತ್ತಾರೆ, ನಷ್ಟವನ್ನೂ. ಕೆಲಸ ನಮ್ಮದು ಅನ್ನಿಸುವುದು ಹೀಗೇ ಅಲ್ವಾ? ಆದರೆ ಲೆಕ್ಕ ತೆರೆದಿಡಬೇಕು, ಎಲ್ಲರನ್ನೂ ಕೂರಿಸಿ ತೀರ್ಮಾನಿಸಬೇಕು. ಅದಕ್ಕೆ ತಾಳ್ಮೆ ಜಾಸ್ತಿ ಬೇಕು.

ಮನೆ ಬಾಡಿಗೆಗೂ ಸಾಲದೆ ಬಿಡುತ್ತಿದ್ದರೆ ಸಂಬಳವೇ ಮೊದಲು. ಸೇವೆಯ ಹೆಸರಲ್ಲಿ ಕಡಿಮೆ ಕೊಡುವುದು ಅನ್ಯಾಯ. ಸಂಬಳ ಸರಿಯಿದ್ದೂ ತಮ್ಮ ಮಾತಿಗೆ ಬೆಲೆಯಿಲ್ಲ ಎಂದು ಹೋಗುತ್ತಿದ್ದರೆ ಪಾಲು ಕೊಡಿ.